ಒಡೆದ ಕನ್ನಡಿಯ ಚೌಕಟ್ಟು: 'ಫ್ರೆಂಡ್ಸ್' ಸೆಟ್ಟಿನ ಒಳಗಿನ ಕತೆ

ಪ್ರಶ್ನೆ: ನಮಸ್ಕಾರ ಸರ್. ನಾನು ದಾವಣಗೆರೆಯ ಶಾಲಾ ಶಿಕ್ಷಕಿ. ಪಿಯುಸಿ ಓದುವ ಮಗಳ ಜೊತೆ ಕೂತು ಅಮೆರಿಕದ 'ಫ್ರೆಂಡ್ಸ್' ಧಾರಾವಾಹಿಯನ್ನು ಎರಡನೇ ಸಲ ನೋಡುತ್ತಿದ್ದೇನೆ. ಅದರಲ್ಲಿ ಕೇಳುವ ನಗು ಮಷೀನಿನದು, ಸುಮ್ನೆ ಅಂಟಿಸಿದ್ದು ಅಂತ ಮಗಳ ವಾದ. ಅಲ್ಲ ಅಂತ ನನ್ನ ವಾದ. ಇನ್ನೊಂದು ವಿಷಯ. ಅದರ ಆರು ಮುಖ್ಯ ನಟ ನಟಿಯರು ಆ ಪಾತ್ರಗಳಿಗೇ ಹುಟ್ಟಿದವರ ಹಾಗಿದ್ದಾರೆ. ಅವರನ್ನು ಹೇಗೆ ಹುಡುಕಿದರು? ಮೋನಿಕಾ ಮತ್ತು ಚಾಂಡ್ಲರ್ ಜೋಡಿ ಮೊದಲೇ ಬರೆದಿಟ್ಟದ್ದಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉತ್ತರ: ವಾದದಲ್ಲಿ ಗೆದ್ದವರು ನೀವೇ. ಆದರೆ ಮಗಳ ಮಾತಿನಲ್ಲೂ ಎರಡಾಣೆ ಸತ್ಯ ಇದೆ. ನಗುವಿನಿಂದಲೇ ಶುರು ಮಾಡೋಣ. ನಿಮ್ಮ ಉಳಿದ ಪ್ರಶ್ನೆಗಳ ಎಳೆಯೂ ಅಲ್ಲೇ ಸಿಗುತ್ತದೆ.

'ಫ್ರೆಂಡ್ಸ್' ಕತೆ ನಡೆಯುವುದು ನ್ಯೂಯಾರ್ಕಿನಲ್ಲಿ. ಶೂಟಿಂಗ್ ನಡೆದದ್ದು ದೇಶದ ಇನ್ನೊಂದು ತುದಿಯಲ್ಲಿ, ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕಿನ ವಾರ್ನರ್ ಬ್ರದರ್ಸ್ ಸ್ಟುಡಿಯೋದಲ್ಲಿ. ಮೊದಲ ಸೀಸನ್ ಸ್ಟೇಜ್ 5ರಲ್ಲಿ, ಎರಡನೆಯದರಿಂದ ಕೊನೆತನಕ ಸ್ಟೇಜ್ 24ರಲ್ಲಿ. ಹೊರಗಿನಿಂದ ತೋರಿಸುವ ಆ ಇಟ್ಟಿಗೆ ಕಟ್ಟಡ ಮಾತ್ರ ನಿಜವಾಗಿ ನ್ಯೂಯಾರ್ಕಿನದು. ಗ್ರೀನಿಚ್ ವಿಲೇಜ್‌ನಲ್ಲಿ ಬೆಡ್‌ಫರ್ಡ್ ಬೀದಿ, ಗ್ರೋವ್ ಬೀದಿ ಸೇರುವ ಮೂಲೆಯಲ್ಲಿದೆ.

ಸ್ಟೇಜ್ ಅಂದರೆ ಒಂದು ದೊಡ್ಡ ಗೋಡೌನ್ ಅಂದುಕೊಳ್ಳಿ. ಒಂದು ಕಡೆ ಸೆಟ್ಟುಗಳು ಸಾಲಾಗಿ ನಿಂತಿವೆ. ಮೋನಿಕಾ ಮನೆ, ಹುಡುಗರ ಮನೆ, ಕಾಫಿ ಅಂಗಡಿ. ಯಾವುದಕ್ಕೂ ಎದುರಿನ ಗೋಡೆ ಇಲ್ಲ. ಆ ಗೋಡೆ ಇರಬೇಕಾದ ಕಡೆ ಸರ್ಕಸ್ ಗ್ಯಾಲರಿ ಥರ ಏರುತ್ತಾ ಹೋಗುವ ಸೀಟುಗಳು. ಅಲ್ಲಿ ಸುಮಾರು 300 ಜನ. ಜನರಿಗೂ ಸೆಟ್ಟಿಗೂ ನಡುವೆ ಚಕ್ರದ ಮೇಲೆ ಓಡಾಡುವ ಫಿಲ್ಮ್ ಕ್ಯಾಮೆರಾಗಳು. ನಟರು ಅಭಿನಯಿಸುತ್ತಾರೆ, ಜನ ನಗುತ್ತಾರೆ, ಮೈಕು ಆ ನಗುವನ್ನು ಹಿಡಿಯುತ್ತದೆ. ಈ ಪದ್ಧತಿಯನ್ನು ಗಟ್ಟಿಯಾಗಿ ನೆಲೆ ನಿಲ್ಲಿಸಿದ್ದು 1951ರಲ್ಲಿ ಶುರುವಾದ 'ಐ ಲವ್ ಲೂಸಿ'. ಜನರ ಎದುರಿಗೇ ನಾಟಕದ ಹಾಗೆ ಆಡುವುದು, ಮೂರು ಕ್ಯಾಮೆರಾದಲ್ಲಿ ಒಟ್ಟಿಗೆ ಫಿಲ್ಮಿಗೆ ತೆಗೆಯುವುದು. 'ಫ್ರೆಂಡ್ಸ್' ಅದೇ ವಂಶದ ಕೂಸು.

ಹಾಗಾದರೆ ನಗುವಿನ ಮಷೀನ್ ಕತೆ ಎಲ್ಲಿಂದ ಬಂತು? ಅದು ಸುಳ್ಳಲ್ಲ. ಸಿಬಿಎಸ್ ಚಾನೆಲ್ಲಿನ ಸೌಂಡ್ ಇಂಜಿನಿಯರ್ ಚಾರ್ಲ್ಸ್ ಡಗ್ಲಸ್ 1950ರ ದಶಕದಲ್ಲಿ ಅಂಥದ್ದೊಂದು ಪೆಟ್ಟಿಗೆ ಕಟ್ಟಿದ್ದರು. ಕೀಲಿ ಒತ್ತಿದರೆ ಬೇಕಾದ ಥರದ ನಗು ಬರುತ್ತಿತ್ತು. ಸಣ್ಣ ನಗು, ದೊಡ್ಡ ನಗು, ಒಬ್ಬ ಹೆಂಗಸಿನ ಕಿಲಕಿಲ. ಜನರನ್ನು ಕೂರಿಸದೆ ತೆಗೆದ ಎಷ್ಟೋ ಹಾಸ್ಯ ಧಾರಾವಾಹಿಗಳು ಅದರ ಮೇಲೇ ಬದುಕಿದವು. ಜನ ಇದ್ದ ಕಡೆಯೂ ಎರಡು ಟೇಕ್ ಕೂಡಿಸುವಾಗ ನಗು ತುಂಡಾದರೆ ತೇಪೆ ಹಾಕುವುದು ಈ ಕಸುಬಿನಲ್ಲಿ ಮಾಮೂಲು. ಮಗಳಿಗೆ ಅಷ್ಟು ಬಿಟ್ಟುಕೊಡಿ. ಆದರೆ ಜನರ ಎದುರು ತೆಗೆದ ಸೀನಿನಲ್ಲಿ ಎಡಿಟರ್‌ಗೆ ಹೆಚ್ಚು ಕಾಡುವ ಕೆಲಸ ನಗು ಸೇರಿಸುವುದಲ್ಲ, ಕತ್ತರಿಸುವುದು. ಒಂದು ಎಪಿಸೋಡಿಗೆ ಸಿಗುವುದೇ ಇಪ್ಪತ್ತೆರಡು ನಿಮಿಷದ ಆಜುಬಾಜು. ಜನ ಬಿಟ್ಟೂಬಿಡದೆ ನಕ್ಕರೆ ಕತೆಗೆ ಜಾಗ ಎಲ್ಲಿ?

ನಾನು ಇಪ್ಪತ್ತು ವರ್ಷದಿಂದ ಧಾರಾವಾಹಿಗಳ ಎಡಿಟಿಂಗ್ ಟೇಬಲ್ ಮುಂದೆ ಕೂತವನು. ನನ್ನ ಕಣ್ಣಿಗೆ ಬೀಳುವುದು ನಗುವಲ್ಲ, ನಗುವಿನ ಮುಂದೆ ನಟರು ಕಾಯುವ ರೀತಿ. ಒಮ್ಮೆ ಗಮನಿಸಿ. ಚಾಂಡ್ಲರ್ ಒಂದು ಮಾತು ಎಸೆಯುತ್ತಾನೆ. ಮೋನಿಕಾ ಉತ್ತರ ಕೊಡಲು ಬಾಯಿ ತೆರೆದವಳು ಅರ್ಧಕ್ಕೇ ನಿಲ್ಲುತ್ತಾಳೆ. ಕಪ್ಪನ್ನು ಒಂದು ಸಲ ತಿರುಗಿಸುತ್ತಾಳೆ. ನಗು ಏರಿ, ಇನ್ನೇನು ಇಳಿಯಬೇಕು ಅನ್ನುವಾಗ ಸರಿಯಾಗಿ ಮಾತು ಹೊರಗೆ ಬರುತ್ತದೆ. ಪೂರ್ತಿ ನಿಂತ ಮೇಲೆ ಮಾತಾಡಿದರೆ ತಡವಾಯಿತು, ಏರುವಾಗಲೇ ಮಾತಾಡಿದರೆ ಯಾರಿಗೂ ಕೇಳಿಸದು. ಇದನ್ನು ಯಾವ ಮಷೀನೂ ಕಲಿಸುವುದಿಲ್ಲ. ಎದುರಿಗೆ ಜನ ಇರಬೇಕು. ನಿಮ್ಮೂರ ಕಡೆ ಜಾತ್ರೆಗೆ ಕಂಪನಿ ನಾಟಕ ಬರುತ್ತದಲ್ಲ, ಅಲ್ಲಿ ಹಾಸ್ಯದ ಪಾತ್ರದವರನ್ನು ನೋಡಿ. ಶಿಳ್ಳೆ ಬಿದ್ದಾಗ ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಳ್ಳುತ್ತಾ ನಿಲ್ಲುತ್ತಾರೆ. ಅದೇ ವಿದ್ಯೆ ಇದು.

ಜನ ಬರೀ ನಗಲು ಬಂದವರೂ ಅಲ್ಲ. ಬರಹಗಾರರು ಶೂಟಿಂಗ್ ಹೊತ್ತಿನಲ್ಲಿ ಫ್ಲೋರಿನಲ್ಲೇ ಇರುತ್ತಿದ್ದರು. ಒಂದು ಜೋಕಿಗೆ ನಗು ಬರಲಿಲ್ಲ ಅಂದರೆ ತಕ್ಷಣ ನಾಲ್ಕೈದು ಜನ ಗುಂಪು ಸೇರಿ ಹೊಸ ಮಾತು ಬರೆದು ನಟರ ಕೈಗೆ ಕೊಡುತ್ತಿದ್ದರು. ಅದನ್ನೇ ಮತ್ತೆ ಆಡುತ್ತಿದ್ದರು. ಹಾಗಾಗಿ ಒಂದು ಎಪಿಸೋಡಿನ ಶೂಟಿಂಗ್ ಐದಾರು ಗಂಟೆ ಎಳೆಯುವುದು ಮಾಮೂಲಾಗಿತ್ತು. ಕಂಪನಿ ನಾಟಕದಲ್ಲಿ 'ವನ್ಸ್ ಮೋರ್' ಅಂದರೆ ಹಾಡನ್ನು ಮತ್ತೆ ಹಾಡುತ್ತಿದ್ದರು. ಇಲ್ಲಿ ವನ್ಸ್ ಮೋರ್ ಬಾರದಿದ್ದರೆ ಹಾಡನ್ನೇ ಬದಲಿಸುತ್ತಿದ್ದರು. ಸೀಸನ್ ಕೊನೆಯ ಕೆಲವು ಗುಟ್ಟಿನ ಸೀನುಗಳಿಗೆ ಮಾತ್ರ ಜನರನ್ನು ಬಿಡುತ್ತಿರಲಿಲ್ಲ. ಗುಟ್ಟು ರಟ್ಟಾಗಬಾರದಲ್ವಾ!

ಈಗ ಪಾತ್ರ ಹಂಚಿದ ಕತೆ. ಇದರಲ್ಲೇ ನನಗೆ ಜಾಸ್ತಿ ಆಸಕ್ತಿ.

ಮಾರ್ಟಾ ಕಾಫ್‌ಮನ್ ಮತ್ತು ಡೇವಿಡ್ ಕ್ರೇನ್ ಕಾಲೇಜಿನ ಕಾಲದಿಂದ ಒಟ್ಟಿಗೆ ಬರೆಯುತ್ತಿದ್ದವರು. ಅವರ ಜೊತೆಗೆ ನಿರ್ಮಾಪಕ ಕೆವಿನ್ ಬ್ರೈಟ್. 1993ರ ಕೊನೆಯಲ್ಲಿ ಅವರು ಎನ್‌ಬಿಸಿ ಚಾನೆಲ್ಲಿಗೆ ಒಂದು ಕತೆ ಒಯ್ದರು. ಆಗ ಅದರ ಹೆಸರು 'ಇನ್ಸೋಮ್ನಿಯಾ ಕೆಫೆ'. ಆಮೇಲೆ 'ಫ್ರೆಂಡ್ಸ್ ಲೈಕ್ ಅಸ್' ಆಯಿತು, 'ಸಿಕ್ಸ್ ಆಫ್ ಒನ್' ಆಯಿತು, ಕೊನೆಗೆ 'ಫ್ರೆಂಡ್ಸ್'. ಇಪ್ಪತ್ತರ ಹರೆಯದ ಆರು ಜನ, ಮನೆಯವರ ಜಾಗದಲ್ಲಿ ಗೆಳೆಯರೇ ಇರುವ ವಯಸ್ಸು. ಅಷ್ಟೇ ಕತೆ. ಚಾನೆಲ್ಲಿನವರಿಗೆ ಇದು ತೀರಾ ತೆಳು ಅನ್ನಿಸಿತು. ಬುದ್ಧಿ ಹೇಳುವ ಒಬ್ಬ ಹಿರಿಯರು ಬೇಕು ಅಂದರು. ಒಬ್ಬ ಪೊಲೀಸ್ ಮಾವನಂಥ ಪಾತ್ರವನ್ನು ಬರೆದೂ ನೋಡಿದರು. ಚೆನ್ನಾಗಿ ಬರಲಿಲ್ಲ. ಕೈಮುಗಿದು ಕೇಳಿಕೊಂಡು ತೆಗೆಸಿದರು. ಪುಣ್ಯಕ್ಕೆ!

ಒಂದೊಂದು ಪಾತ್ರಕ್ಕೂ ಬಂದ ಸುಮಾರು ಸಾವಿರ ಹೆಸರುಗಳಲ್ಲಿ 75 ಜನರನ್ನು ಆರಿಸಿ ಕರೆದರು. ಡೇವಿಡ್ ಶ್ವಿಮ್ಮರ್ ಒಬ್ಬರ ವಿಷಯದಲ್ಲಿ ಹುಡುಕಾಟ ಇರಲಿಲ್ಲ. ಅವರು ಹಿಂದೆ ಇನ್ನೊಂದು ಧಾರಾವಾಹಿಗೆ ಆಡಿಷನ್ ಕೊಟ್ಟಿದ್ದರು. ಆ ದನಿ ಬರಹಗಾರರ ಕಿವಿಯಲ್ಲೇ ಉಳಿದಿತ್ತು. ರಾಸ್ ಪಾತ್ರವನ್ನು ಆ ದನಿಯಲ್ಲೇ ಬರೆದರು. ಆದರೆ ಶ್ವಿಮ್ಮರ್ ಅಷ್ಟರಲ್ಲಿ ಟಿವಿ ಸಾಕು ಅಂತ ಶಿಕಾಗೋದ ತಮ್ಮ ನಾಟಕ ತಂಡಕ್ಕೆ ಮರಳಿದ್ದರು. ಬೆನ್ನು ಬಿದ್ದು ಒಪ್ಪಿಸಬೇಕಾಯಿತು.

ಕೋರ್ಟ್ನಿ ಕಾಕ್ಸ್ ಆರು ಜನರಲ್ಲಿ ಆಗಲೇ ಸ್ವಲ್ಪ ಹೆಸರು ಇದ್ದವರು. ಅವರನ್ನು ಕರೆದದ್ದು ರೇಚಲ್ ಪಾತ್ರಕ್ಕೆ. ಅವರು ಓದಿ ನೋಡಿ, ನಾನು ಮೋನಿಕಾ ಆಗುತ್ತೇನೆ ಅಂದರು. ನಿರ್ಮಾಪಕರ ತಲೆಯಲ್ಲಿದ್ದ ಮೋನಿಕಾ ಬೇರೆ, ಒರಟು ಮಾತಿನ, ಚುಚ್ಚುವ ಹೆಣ್ಣು. ಕಾಕ್ಸ್ ಅದಕ್ಕೆ ಒಂದು ತಾಯಿತನ ತಂದರು. ನೆಲದ ಮೇಲಿನ ಕಲೆ ಕಂಡರೆ ನಿದ್ದೆ ಬಾರದ, ಎಲ್ಲರಿಗೂ ಅಡುಗೆ ಮಾಡಿ ಹಾಕುವ ಮೋನಿಕಾ ನಮಗೆ ಸಿಕ್ಕಿದ್ದು ಹಾಗೆ.

ಲೀಸಾ ಕುಡ್ರೋ ಕತೆ ನನಗೆ ಬಹಳ ಇಷ್ಟ. 'ಫ್ರೆಂಡ್ಸ್' ಶುರುವಾಗುವ ಹಿಂದಿನ ವರ್ಷ ಅವರಿಗೆ 'ಫ್ರೇಸಿಯರ್' ಎಂಬ ಧಾರಾವಾಹಿಯಲ್ಲಿ ರಾಜ್ ಎಂಬ ಪಾತ್ರ ಸಿಕ್ಕಿತ್ತು. ರಿಹರ್ಸಲ್ ನಡೆಯುವಾಗಲೇ ಅವರನ್ನು ತೆಗೆದು ಪೆರಿ ಗಿಲ್ಪಿನ್‌ಗೆ ಕೊಟ್ಟರು. ಆಗ ನಿರ್ದೇಶಕರಾಗಿದ್ದವರು ಜೇಮ್ಸ್ ಬರೋಸ್. 'ಫ್ರೆಂಡ್ಸ್' ಮೊದಲ ಎಪಿಸೋಡಿಗೂ ಅವರೇ ನಿರ್ದೇಶಕರು! ಕುಡ್ರೋ ಅವರ ಎದುರೇ ಮತ್ತೆ ಆಡಿಷನ್ ಕೊಡಬೇಕಾಯಿತು. ಬರೋಸ್ ಕೇಳಿ, ತಿದ್ದುವುದು ಏನೂ ಇಲ್ಲ ಅಂದರಂತೆ. ಅದು ಮೆಚ್ಚುಗೆಯೋ, ಕೈಬಿಟ್ಟದ್ದೋ ಗೊತ್ತಾಗದೆ ಕುಡ್ರೋ ಮನೆಗೆ ಹೋದರು. ಮೆಚ್ಚುಗೆಯೇ ಆಗಿತ್ತು.

ಆದರೆ ಇನ್ನೊಂದು ತೊಡಕಿತ್ತು. ಕುಡ್ರೋ ಆಗಲೇ ಅದೇ ಚಾನೆಲ್ಲಿನ 'ಮ್ಯಾಡ್ ಅಬೌಟ್ ಯೂ' ಧಾರಾವಾಹಿಯಲ್ಲಿ ಉರ್ಸುಲಾ ಎಂಬ ಮಂಕು ವೇಟರ್ ಆಗಿ ಕಾಣಿಸಿಕೊಳ್ಳುತ್ತಿದ್ದರು. ಅದರ ಕತೆಯೂ ನ್ಯೂಯಾರ್ಕಿನಲ್ಲೇ. ಗುರುವಾರ ರಾತ್ರಿ 8ಕ್ಕೆ ಅದು, 8.30ಕ್ಕೆ 'ಫ್ರೆಂಡ್ಸ್'. ಒಂದೇ ಮುಖ ಅರ್ಧ ಗಂಟೆಯಲ್ಲಿ ಎರಡು ಹೆಸರಲ್ಲಿ ಬಂದರೆ ಜನ ಏನೆಂದುಕೊಳ್ಳಬೇಕು? ಬರಹಗಾರರು ಉರ್ಸುಲಾಳನ್ನು, 'ಫ್ರೆಂಡ್ಸ್'ನಲ್ಲಿ ಕುಡ್ರೋ ಆಡಿದ ಫೀಬಿಯ ಅವಳಿ ಅಕ್ಕ ಮಾಡಿಬಿಟ್ಟರು. ಅಲ್ಲಿಂದ ಫೀಬಿಯ ಅರ್ಧ ಕುಟುಂಬ ಚರಿತ್ರೆ ಹುಟ್ಟಿತು. ಅಕ್ಕ ಮಾತಾಡಿಸುವುದಿಲ್ಲ ಎಂಬ ನೋವು ಆ ಪಾತ್ರಕ್ಕೆ ಎಷ್ಟು ತೂಕ ಕೊಟ್ಟಿದೆ ನೋಡಿ. ಮೂಲದಲ್ಲಿ ಅದು ಬರೀ ಟೈಮ್ ಟೇಬಲ್ ತೊಡಕು.

ಮ್ಯಾಟ್ ಲೆಬ್ಲಾಂಕ್ ಹತ್ತಿರ ಆಗ ಉಳಿದಿದ್ದದ್ದು 11 ಡಾಲರ್. ಕೊನೆಯ ಆಡಿಷನ್ನಿನ ಹಿಂದಿನ ರಾತ್ರಿ ಗೆಳೆಯನೊಬ್ಬನ ಜೊತೆ ಕುಡಿದು, ಮುಂಜಾನೆ ಬಾತ್‌ರೂಮಿನಲ್ಲಿ ಮುಗ್ಗರಿಸಿ ಮೂಗು ತರಚಿಕೊಂಡರು. ರಕ್ತ ಹೆಪ್ಪುಗಟ್ಟಿದ ಮೂಗಿನಲ್ಲೇ ಹೋದರು. ಏನಾಯಿತು ಅಂತ ಮಾರ್ಟಾ ಕಾಫ್‌ಮನ್ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕೋಣೆಯವರೆಲ್ಲ ನಕ್ಕರು. ಬರಹದಲ್ಲಿದ್ದ ಜೋಯಿ ದಡ್ಡನಾಗಿರಲಿಲ್ಲ, ಬರೀ ಹೆಂಗಸರ ಹಿಂದೆ ಸುತ್ತುವವನು. ಆ ಮುಗ್ಧ ಪೆದ್ದುತನ ಲೆಬ್ಲಾಂಕ್ ತಂದದ್ದು. ಜೊತೆಗಿರುವ ಮೂವರು ಹುಡುಗಿಯರ ಮೇಲೆ ಜೋಯಿ ಕಣ್ಣು ಹಾಕಬಾರದು, ಅವರನ್ನು ತಂಗಿಯರ ಹಾಗೆ ನೋಡಬೇಕು ಅಂತ ನಿರ್ಮಾಪಕರಿಗೆ ಹೇಳಿದ್ದೂ ಅವರೇ. ಇಲ್ಲದಿದ್ದರೆ ಆ ಪಾತ್ರ ಒಂದೇ ವರ್ಷಕ್ಕೆ ಸಾಕಾಗುತ್ತಿತ್ತು. ನಟ ತನ್ನ ಪಾತ್ರವನ್ನು ಉಳಿಸಿಕೊಂಡದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಉಳಿದ ಇಬ್ಬರೂ ಬೇರೆ ಕಡೆ ಸಹಿ ಹಾಕಿದ್ದವರು. ಈ ಕಸುಬಿನಲ್ಲಿ ಇದನ್ನು 'ಸೆಕೆಂಡ್ ಪೊಸಿಷನ್' ಅನ್ನುತ್ತಾರೆ. ಮೊದಲು ಒಪ್ಪಿಕೊಂಡ ಕಾರ್ಯಕ್ರಮ ಬಿದ್ದುಹೋದರೆ ಮಾತ್ರ ನಟ ನಿಮ್ಮವನು. ಇಲ್ಲವಾದರೆ ತೆಗೆದದ್ದೆಲ್ಲ ಮತ್ತೆ ತೆಗೆಯಬೇಕು.

ಮ್ಯಾಥ್ಯೂ ಪೆರ್ರಿ ಸಹಿ ಹಾಕಿದ್ದು 2194ನೇ ಇಸವಿಯ ವಿಮಾನ ನಿಲ್ದಾಣದಲ್ಲಿ ಲಗೇಜು ಹೊರುವವರ ಕತೆಗೆ. ಅನ್ಯಗ್ರಹದವರ ಲಗೇಜೂ ಅದರಲ್ಲಿ ಸೇರಿತ್ತು! ಅತ್ತ ಅವರ ಗೆಳೆಯರೆಲ್ಲ ಚಾಂಡ್ಲರ್ ಪಾತ್ರಕ್ಕೆ ಆಡಿಷನ್ನಿಗೆ ಹೊರಟಿದ್ದರು. ಪೆರ್ರಿ ಅವರಿಗೆಲ್ಲ ಮಾತು ಹೇಳಿಕೊಡುತ್ತಿದ್ದರು. ಅವರಲ್ಲಿ ಒಬ್ಬರಾದ ಕ್ರೇಗ್ ಬಿಯರ್ಕೊಗೆ ಪಾತ್ರ ಸಿಕ್ಕಿಯೂ ಸಿಕ್ಕಿತು. ಬಿಯರ್ಕೊ ಬೇರೆ ಅವಕಾಶ ಹಿಡಿದು ಇದನ್ನು ಬಿಟ್ಟರು. ಲಂಡನ್ನಿನಲ್ಲಿದ್ದ ಜಾನ್ ಕ್ರೈಯರ್ ಆಡಿಷನ್ ಟೇಪ್ ಕಳಿಸಿದರು. ಅದು ಹೊತ್ತಿಗೆ ಸರಿಯಾಗಿ ತಲುಪಲಿಲ್ಲ. ಕೊನೆಗೆ ಪೆರ್ರಿಗೇ ಕರೆ ಬಂತು. ಎಲ್ಲರಿಗೂ ಹೇಳಿಕೊಟ್ಟು ಹೇಳಿಕೊಟ್ಟು ಮಾತೆಲ್ಲ ಬಾಯಿಪಾಠ ಆಗಿತ್ತು. ಕೈಯಲ್ಲಿ ಹಾಳೆಯೇ ಇಲ್ಲದೆ ಹೋದರು. ಯಾರೂ ಒತ್ತಿ ಹೇಳದ ಪದವನ್ನು ಒತ್ತಿ ಹೇಳಿದರು. ನಮ್ಮಲ್ಲಿ ಒಬ್ಬ ಹುಡುಗ 'ನಾನು ಊಟ ಮಾಡಿದೆ' ಅನ್ನುವಾಗ 'ಮಾಡಿದೆ' ಮೇಲೆ ಪೂರ್ತಿ ಭಾರ ಹಾಕಿದರೆ ಹೇಗೆ ನಗು ಬರುತ್ತದೋ ಹಾಗೆ. ಆಮೇಲೆ ಬರಹಗಾರರು ಆ ಒತ್ತಿಗೆ ಸರಿಯಾಗಿ ವಾಕ್ಯ ಬರೆಯಲು ಕಲಿತರು.

ಜೆನಿಫರ್ ಆ್ಯನಿಸ್ಟನ್ ಅದಕ್ಕೆ ಮೊದಲು ಒಂದರ ಹಿಂದೆ ಒಂದು ಸೋತ ಕಾರ್ಯಕ್ರಮಗಳಲ್ಲಿ ಇದ್ದವರು. ಪೆಟ್ರೋಲ್ ಬಂಕಿನಲ್ಲಿ ಸಿಕ್ಕ ಎನ್‌ಬಿಸಿ ಮುಖ್ಯಸ್ಥ ವಾರೆನ್ ಲಿಟಲ್‌ಫೀಲ್ಡ್ ಹತ್ತಿರ, ನನಗೆ ಯಾವತ್ತಾದರೂ ಆಗುತ್ತಾ ಅಂತ ಕೇಳಿದ್ದರಂತೆ. 'ಫ್ರೆಂಡ್ಸ್' ಸಿಕ್ಕಾಗ ಅವರು ಸಿಬಿಎಸ್‌ನ 'ಮಡ್ಲಿಂಗ್ ಥ್ರೂ' ಧಾರಾವಾಹಿಗೆ ಬದ್ಧರು. ಅದು ಗೆದ್ದರೆ ರೇಚಲ್ ಇಲ್ಲ. ಫೋಟೋ ಶೂಟಿಂಗ್ ಹೊತ್ತಿನಲ್ಲಿ ಕೆಲವು ಚಿತ್ರಗಳಿಗೆ ಅವರನ್ನು ಪಕ್ಕಕ್ಕೆ ನಿಲ್ಲಲು ಹೇಳಿದರು, ನಾಳೆ ಬೇರೆ ರೇಚಲ್ ಬಂದರೆ ಇರಲಿ ಅಂತ. ಆ ಹುಡುಗಿಗೆ ಆಗ ಹೇಗೆ ಅನ್ನಿಸಿರಬೇಡ! 1994ರ ಬೇಸಿಗೆಯಲ್ಲಿ ಆ ಧಾರಾವಾಹಿ ಶನಿವಾರ ರಾತ್ರಿ ಬರತೊಡಗಿದಾಗ ಎನ್‌ಬಿಸಿ ಅದೇ ಹೊತ್ತಿಗೆ ಡೇನಿಯಲ್ ಸ್ಟೀಲ್ ಕಾದಂಬರಿ ಆಧಾರಿತ ಟಿವಿ ಸಿನಿಮಾಗಳನ್ನು ಹಾಕಿತು. 'ಮಡ್ಲಿಂಗ್ ಥ್ರೂ' ನಿಂತಿತು.

22 ಸೆಪ್ಟೆಂಬರ್ 1994ರಂದು 'ಫ್ರೆಂಡ್ಸ್' ಮೊದಲ ಎಪಿಸೋಡ್ ಬಂತು. ಅದಕ್ಕೆ ಮೊದಲು ಜೇಮ್ಸ್ ಬರೋಸ್ ಆರೂ ಜನರನ್ನು ವಿಮಾನದಲ್ಲಿ ಲಾಸ್ ವೇಗಸ್‌ಗೆ ಊಟಕ್ಕೆ ಕರೆದುಕೊಂಡು ಹೋಗಿದ್ದರು. ಯಾರೂ ನಿಮ್ಮನ್ನು ಗುರುತಿಸದೆ ಆರಾಮಾಗಿ ಓಡಾಡುವುದು ಇದೇ ಕೊನೆ ಸಲ ಅಂದರು. ಆರು ಜನರ ಜೇಬೂ ಖಾಲಿ. ಜೂಜಾಡಲು ಬರೋಸ್ ಅವರೇ ದುಡ್ಡು ಕೊಟ್ಟರು. ಆಮೇಲೆ ಆ ಆರು ಜನ ಚೆಕ್ ಬರೆದು ತೀರಿಸಿದರು.

ಸಂಬಳದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೊದಲ ಸೀಸನ್ನಿನಲ್ಲಿ ಎಲ್ಲರಿಗೂ ಒಂದು ಎಪಿಸೋಡಿಗೆ 22,500 ಡಾಲರ್. ಎರಡನೆಯದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಆಯಿತು. ರಾಸ್, ರೇಚಲ್ ಪ್ರೇಮಕತೆ ಜೋರಾಗಿದ್ದ ಕಾಲ, ಶ್ವಿಮ್ಮರ್ ಹೆಚ್ಚು ಕೇಳಬಹುದಿತ್ತು. ಅವರು ಆರೂ ಜನ ಒಟ್ಟಿಗೆ, ಒಂದೇ ಸಂಬಳಕ್ಕೆ ಕೂತು ಮಾತಾಡೋಣ ಅಂದರು. ಹೆಚ್ಚು ಪಡೆಯುತ್ತಿದ್ದವರು ಇಳಿದು ಬಂದರು. ಮೂರನೇ ಸೀಸನ್ನಿಗೆ ತಲಾ 75,000, ಕೊನೆಯ ಎರಡು ಸೀಸನ್ನಿಗೆ ತಲಾ 10 ಲಕ್ಷ ಡಾಲರ್. ದುಡ್ಡಿಗಿಂತ ದೊಡ್ಡದು ಅದರಿಂದ ಪರದೆಯ ಮೇಲೆ ಆದದ್ದು. ಯಾರೂ ಹೀರೋ ಆಗಲಿಲ್ಲ. ಬರಹಗಾರರು ಯಾವ ಇಬ್ಬರನ್ನಾದರೂ ಒಂದು ಸೀನಿನಲ್ಲಿ ಕೂಡಿಸಬಹುದಿತ್ತು.

ಹಾಗೆ ಕೂಡಿಸುತ್ತಾ ಹೋದಾಗಲೇ ಮೋನಿಕಾ ಮತ್ತು ಚಾಂಡ್ಲರ್ ಸಿಕ್ಕಿದ್ದು. ಮೊದಲೇ ಬರೆದಿಟ್ಟದ್ದಾ ಅಂತ ಕೇಳಿದಿರಿ. ಇಲ್ಲ. ಮೊದಲ ಯೋಚನೆಯಲ್ಲಿ ಜೋಡಿ ಆಗಬೇಕಿದ್ದದ್ದು ಮೋನಿಕಾ ಮತ್ತು ಜೋಯಿ! ಚಾಂಡ್ಲರ್, ಫೀಬಿ ಪಕ್ಕದಲ್ಲಿ ನಿಂತು ನಗಿಸಬೇಕಿದ್ದವರು. ನಾಲ್ಕನೇ ಸೀಸನ್ ಕೊನೆಗೆ ರಾಸ್ ಮದುವೆ ಕತೆಗೆ ತಂಡ ಲಂಡನ್ನಿಗೆ ಹೋಯಿತು. ಅಲ್ಲಿನ ಫೌಂಟನ್ ಸ್ಟುಡಿಯೋದಲ್ಲಿ 500 ಜನ ಬ್ರಿಟಿಷ್ ಪ್ರೇಕ್ಷಕರ ಎದುರು ಶೂಟಿಂಗ್. ಒಂದು ಸೀನಿನಲ್ಲಿ ಚಾಂಡ್ಲರ್ ಹಾಸಿಗೆಯಲ್ಲಿದ್ದಾನೆ. ರಾಸ್ ಬಂದು ಸಂಭ್ರಮದಿಂದ ಮಾತಾಡಿ ಹೋಗುತ್ತಾನೆ. ಅವನು ಹೋದ ಮೇಲೆ ಹೊದಿಕೆಯ ಕೆಳಗಿನಿಂದ ಮೋನಿಕಾ ತಲೆ ಎತ್ತುತ್ತಾಳೆ.

ಜನ ಕಿರುಚಿದರು. ಬರೀ ನಗು ಅಲ್ಲ. ಬೆಚ್ಚಿದ್ದು, ಖುಷಿಪಟ್ಟದ್ದು, ಚಪ್ಪಾಳೆ ಎಲ್ಲ ಒಟ್ಟಿಗೆ. ಅರ್ಧ ನಿಮಿಷದ ಹತ್ತಿರ ನಟರು ಹಾಸಿಗೆಯಲ್ಲೇ ಕಾದರು. ಬರಹಗಾರರ ಲೆಕ್ಕದಲ್ಲಿ ಅದು ಒಂದು ರಾತ್ರಿಯ ತಮಾಷೆ. ಮುಂದಿನ ಸೀಸನ್ನಿಗೆ ಅಲ್ಲಲ್ಲಿ ನೆನಪಿಸಿಕೊಂಡು ನಗಬೇಕಿತ್ತು, ಅಷ್ಟೇ. ಆ ಕೂಗು ಕೇಳಿದ ಮೇಲೆ ಅದನ್ನು ಬಿಡಲು ಅವರಿಗೆ ಮನಸ್ಸಾಗಲಿಲ್ಲ. ಆಮೇಲಿನ ಆರು ವರ್ಷದ ಕತೆ, ಮದುವೆ, ಮಕ್ಕಳಿಗಾಗಿ ಪಟ್ಟ ಪಾಡು, ಎಲ್ಲ ಆ ಅರ್ಧ ನಿಮಿಷದಿಂದ ಬೆಳೆಯಿತು. ನಗು ನಿಜವಾದದ್ದಾ ಅಂತ ಮಗಳು ಮತ್ತೆ ಕೇಳಿದರೆ ಈ ಎಪಿಸೋಡ್ ಹಾಕಿ ತೋರಿಸಿ. ಪೆಟ್ಟಿಗೆಯ ನಗು ಯಾರಿಗೂ ಮದುವೆ ಮಾಡಿಸುವುದಿಲ್ಲ.

ಆ ಲಂಡನ್ ಪ್ರಯಾಣದಲ್ಲಿ ಫೀಬಿ ಇಲ್ಲ, ಗಮನಿಸಿದ್ದೀರಾ? ಕುಡ್ರೋ ಆಗ ತುಂಬು ಗರ್ಭಿಣಿ. ವಿಮಾನ ಹತ್ತುವ ಹಾಗಿರಲಿಲ್ಲ. ಬರಹಗಾರರು ಹೊಟ್ಟೆಯನ್ನು ಮುಚ್ಚಿಡಲಿಲ್ಲ. ಫೀಬಿ ತಮ್ಮನಿಗಾಗಿ ಬಾಡಿಗೆ ತಾಯಿಯಾಗಿ ಮೂರು ಮಕ್ಕಳನ್ನು ಹೊರುವ ಕತೆ ಬರೆದರು. ಆ ಮಕ್ಕಳು ಹುಟ್ಟುವುದು ನೂರನೇ ಎಪಿಸೋಡಿನಲ್ಲಿ. ಹತ್ತನೇ ಸೀಸನ್ನಿನಲ್ಲಿ ಕಾಕ್ಸ್ ಗರ್ಭಿಣಿ ಆದಾಗ ಮಾತ್ರ ದೊಡ್ಡ ಅಂಗಿ, ಕೈಯಲ್ಲಿ ಪೆಟ್ಟಿಗೆ, ಕುರ್ಚಿಯ ಮರೆ ಹಿಡಿದು ಹೊಟ್ಟೆಯನ್ನು ಮುಚ್ಚಬೇಕಾಯಿತು. ಮೋನಿಕಾಗೆ ಮಕ್ಕಳಾಗುವುದಿಲ್ಲ ಎಂಬ ಕತೆ ಆಗಲೇ ನಡೆಯುತ್ತಿತ್ತು. ಆ ಸೀನುಗಳನ್ನು ಆಡುವಾಗ ಕಾಕ್ಸ್ ಮನಸ್ಸಿನಲ್ಲಿ ಏನೇನು ಓಡಿತ್ತೋ! ಕತೆ ಬಯಸಿದ್ದು ಅದನ್ನೇ, ಹಾಗಾಗಿ ಆ ತೀರ್ಮಾನ ಸರಿ ಅಂತಲೇ ನನಗನ್ನಿಸುತ್ತದೆ.

ಮೂರನೇ ಸೀಸನ್ನಿನಲ್ಲಿ, ಇಡೀ ಎಪಿಸೋಡ್ ಒಂದೇ ಕೋಣೆಯಲ್ಲಿ ನಡೆಯುವ ಒಂದು ಕತೆ ಇದೆ. ರಾಸ್ ಎಲ್ಲರನ್ನೂ ಸಮಾರಂಭಕ್ಕೆ ಹೊರಡಿಸಲು ಒದ್ದಾಡುತ್ತಾನೆ, ಚಾಂಡ್ಲರ್ ಮತ್ತು ಜೋಯಿ ಒಂದು ಕುರ್ಚಿಗೆ ಜಗಳವಾಡುತ್ತಾರೆ. ಲೆಬ್ಲಾಂಕ್ ಟೀಪಾಯಿ ಹಾರಿ ಕುರ್ಚಿಗೆ ಬೀಳಬೇಕು. ಮೂರು ಟೇಕ್ ಸರಿಹೋಯಿತು. ನಾಲ್ಕನೆಯದಕ್ಕೆ ಭುಜ ಕಳಚಿಕೊಂಡಿತು. ಆರೂ ಜನ ಪ್ರತಿ ಶೂಟಿಂಗ್ ಮುಂಚೆ ಹೆಗಲ ಮೇಲೆ ಕೈ ಹಾಕಿ ಸುತ್ತ ನಿಂತು ಒಬ್ಬರಿಗೊಬ್ಬರು ಶುಭ ಹೇಳುತ್ತಿದ್ದರು. ಆ ದಿನ ಅದು ತಪ್ಪಿತ್ತು. ಅಲ್ಲಿಂದ ಮುಂದೆ ಅವರು ಅದನ್ನು ಒಮ್ಮೆಯೂ ತಪ್ಪಿಸಲಿಲ್ಲ. ಮುಂದಿನ ಎಪಿಸೋಡಿನಲ್ಲಿ ಜೋಯಿ ಕೈಗೆ ಜೋಳಿಗೆ ಕಟ್ಟಿಕೊಂಡು ಬರುತ್ತಾನೆ. ಮಂಚದ ಮೇಲೆ ಕುಣಿಯುತ್ತಾ ಬಿದ್ದೆ ಅನ್ನುತ್ತಾನೆ. ಜೋಯಿ ಥರದವನು ಬೇರೆ ಹೇಗೆ ಬೀಳುತ್ತಾನೆ ಹೇಳಿ!

ನಾನು ಕೆಲಸ ಮಾಡಿದ ಒಂದು ಧಾರಾವಾಹಿಯಲ್ಲಿ ಅತ್ತೆ ಪಾತ್ರದವರು ಮುಂಗೈ ಮುರಿದುಕೊಂಡಿದ್ದರು. ನಿರ್ದೇಶಕರು ಒಂದು ತಿಂಗಳು ಬರೀ ಕುತ್ತಿಗೆಯಿಂದ ಮೇಲೆ ತೆಗೆದರು. ಆರತಿ ಎತ್ತುವ ಸೀನಿನಲ್ಲಿ ಬೇರೆಯವರ ಕೈ. ನಾನು ಕತ್ತರಿಸಿ ಜೋಡಿಸಿ ಸಾಕಾಗಿ ಹೋದೆ. ನೋಡುವವರಿಗೂ ಏನೋ ತಪ್ಪಿದೆ ಅಂತ ಗೊತ್ತಾಗುತ್ತಿತ್ತು. ಅಡುಗೆಮನೆಯಲ್ಲಿ ಜಾರಿ ಬಿದ್ದರು ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಸೊಸೆ ಅನ್ನ ಕಲಸಿ ತಿನ್ನಿಸುವ ಒಂದು ಸೀನು ಸಿಕ್ಕಿರುತ್ತಿತ್ತು. ಆಕಸ್ಮಿಕ ಎಲ್ಲ ಸೆಟ್ಟಿನಲ್ಲೂ ಆಗುತ್ತದೆ. 'ಫ್ರೆಂಡ್ಸ್' ತಂಡದವರು ಅದನ್ನು ಒಳಗೆ ಕರೆದು ಕೂರಿಸುತ್ತಿದ್ದರು. ಅವರಿಂದ ನಾನು ಕಲಿತದ್ದು ಇದೊಂದೇ, ಆದರೆ ಬಹಳ ಕಲಿತೆ.

ಕಾಫಿ ಅಂಗಡಿಯ ಗಂಥರ್ ಸಿಕ್ಕಿದ್ದೂ ಹಾಗೇ. ಜೇಮ್ಸ್ ಮೈಕಲ್ ಟೈಲರ್ ಹಾಲಿವುಡ್ಡಿನ ಒಂದು ಕಾಫಿ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ಎಸ್ಪ್ರೆಸೊ ಮಷೀನ್ ಬಳಸಲು ಬರುತ್ತಿದ್ದುದರಿಂದ ಹಿಂದೆ ನಿಂತು ಕಾಫಿ ಮಾಡಲು ಕರೆದರು. ಕೂದಲು ಹಾಗೆ ಬೆಳ್ಳಗಿದ್ದದ್ದು ಗೆಳೆಯನೊಬ್ಬ ಹಿಂದಿನ ರಾತ್ರಿ ಅವರ ತಲೆಯ ಮೇಲೆ ಬ್ಲೀಚಿಂಗ್ ಕಲಿತದ್ದರಿಂದ. ಮೊದಲ ಮೂವತ್ತಕ್ಕೂ ಹೆಚ್ಚು ಎಪಿಸೋಡುಗಳಲ್ಲಿ ಒಂದು ಮಾತೂ ಇಲ್ಲ. ಕೊನೆಗೆ ಆರು ಜನರನ್ನು ಬಿಟ್ಟರೆ ಅತಿ ಹೆಚ್ಚು ಎಪಿಸೋಡುಗಳಲ್ಲಿ ಬಂದವರು ಅವರೇ. 2021ರಲ್ಲಿ ಅವರು ತೀರಿಕೊಂಡರು, 2023ರಲ್ಲಿ ಮ್ಯಾಥ್ಯೂ ಪೆರ್ರಿ. ಹಳೆಯ ಎಪಿಸೋಡುಗಳಲ್ಲಿ ಇಬ್ಬರನ್ನೂ ಒಂದೇ ಫ್ರೇಮಿನಲ್ಲಿ ಕಂಡಾಗ ನನಗೆ ಈಗ ಗಂಟಲು ಕಟ್ಟುತ್ತದೆ.

ಕೊನೆಯದಾಗಿ ಮೋನಿಕಾ ಮನೆಯ ಬಾಗಿಲು. ಗೋಡೆಗೆ ನೇರಳೆ ಬಣ್ಣ ಹೊಡೆಯೋಣ ಅಂದದ್ದು ಸೆಟ್ ವಿನ್ಯಾಸಕ ಜಾನ್ ಶಾಫ್ನರ್. ನಿರ್ಮಾಪಕರಿಗೆ ಅನುಮಾನ. ಶಾಫ್ನರ್ ಪುಟ್ಟ ಮಾದರಿ ಮನೆಗೆ ಬಣ್ಣ ಬಳಿದು ತೋರಿಸಿ ಒಪ್ಪಿಸಿದರು. ಚಾನೆಲ್ ತಿರುಗಿಸುವವರು ಬಣ್ಣ ಕಂಡ ತಕ್ಷಣ ಇದು 'ಫ್ರೆಂಡ್ಸ್' ಅಂತ ಗುರುತಿಸಬೇಕು ಎಂಬುದು ಅವರ ಲೆಕ್ಕ. ಆ ನೇರಳೆ ಬಾಗಿಲಲ್ಲಿ, ಹೊರಗೆ ಇಣುಕುವ ರಂಧ್ರದ ಸುತ್ತ, ಹಳದಿ ಚೌಕಟ್ಟೊಂದು ನೇತಾಡುತ್ತದಲ್ಲ? ಅದು ಒಂದು ಕನ್ನಡಿಯದು. ಸೆಟ್ಟಿನ ಕೆಲಸದಲ್ಲಿ ಗಾಜು ಒಡೆದುಹೋಯಿತು. ಬರೀ ಚೌಕಟ್ಟನ್ನು ಸುಮ್ನೆ ಬಾಗಿಲಿಗೆ ಇಟ್ಟು ನೋಡಿದರು, ಚೆನ್ನಾಗಿ ಕಂಡಿತು, ಅಲ್ಲೇ ಬಿಟ್ಟರು.

6 ಮೇ 2004ರಂದು ಕೊನೆಯ ಎಪಿಸೋಡ್. ಅಮೆರಿಕದಲ್ಲಿ ಅಂದು 5 ಕೋಟಿಗೂ ಹೆಚ್ಚು ಜನ ನೋಡಿದರು. ಎಲ್ಲರೂ ಕೀಲಿ ಇಟ್ಟು ಹೊರಟ ಮೇಲೆ ಕ್ಯಾಮೆರಾ ಖಾಲಿ ಮನೆಯನ್ನು ನಿಧಾನಕ್ಕೆ ಸುತ್ತುತ್ತದೆ. ಮಗಳ ಜೊತೆ ಅದನ್ನು ನೋಡುವಾಗ ಪೂರ್ತಿ ಕತ್ತಲಾಗುವವರೆಗೆ ಏಳಬೇಡಿ. ಆ ಕ್ಯಾಮೆರಾ ಹೋಗಿ ನಿಲ್ಲುವುದು ಬಾಗಿಲ ಮೇಲಿನ ಆ ಚೌಕಟ್ಟಿನ ಮೇಲೆ.